ಕರಿಗಂಬಳಿ ಬಂಡೆಯ ಮಹಿಮೆ

ಈ ಗುಡ್ಡಕ್ಕೆ ಮೆಟ್ಟಿಲಾಗಲಿ ಹೆಸರಾಗಲಿ ಇಲ್ಲದಿದ್ದ, ಇಲ್ಲಿಯ ದಾರಿಗಳನ್ನು ಕುರಿಹಿಂಡುಗಳಷ್ಟೇ ಬಲ್ಲ ಪುರಾತನ ಕಾಲದಲ್ಲಿ, ಮಾಳಪ್ಪನೆಂಬ ಕುರಿಗಾಹಿಯು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹಾಗೂ ಬಂಧುಗಳೊಡನೆ ಕಲ್ಲುದೊಣೆಯ ಬಳಿ ಬೀಡುಬಿಟ್ಟಿದ್ದನು. ಬಂಡೆಯ ಬಿರುಕಿನಿಂದ ಒಸರಿ ದೊಣೆಯಲ್ಲಿ ನಿಲ್ಲುತ್ತಿದ್ದ ನೀರೊಂದೇ ಅವರಿಗೆ ಕುಡಿಯುವ ನೀರು.

ಸತ್ತವರು ಹೊದ್ದ ಕಂಬಳಿಯನ್ನು ಅವರು ಕುಡಿದ ನೀರಿನಲ್ಲೇ ತೊಳೆಯಬೇಕು, ಇಲ್ಲವಾದರೆ ಜೀವವು ನೀರಡಿಸಿ ಅಲೆಯುವುದೆಂಬುದು ಆ ಕುಲದ ನಡಾವಳಿ. ಸಂತೆಯಿಂದ ಮರಳಿದ ಮಾಳಪ್ಪನ ತಂದೆ ವಾಂತಿಭೇದಿಯಿಂದ ತೀರಿಕೊಂಡಾಗ ಮಗನೇ ಕಂಬಳಿ ತೊಳೆದನು. ಮೂರನೆಯ ದಿನಕ್ಕೆ ನಾಲ್ವರು ಅದೇ ಬೇನೆಯಿಂದ ಮಲಗಿದರು. ಅವರ ಕಂಬಳಿಗಳೂ ದೊಣೆಗಿಳಿದವು. ಗುಡ್ಡದ ದೇವಿ ಮುನಿದಳೆಂದು ಟಗರು ಕೊಯ್ದರು. ಬೇನೆ ನಿಲ್ಲಲಿಲ್ಲ. ಏಳನೆಯ ಕಂಬಳಿ ಮಾಳಪ್ಪನ ಹಿರಿಮಗಳು ಕೆಂಚವ್ವನದು.

ಅದನ್ನು ಹೆಗಲಿಗೆ ಹಾಕಿಕೊಂಡು ದೊಣೆಗೆ ಬಂದವನು ಅಂಚಿನಲ್ಲಿ ಕೂತೇ ಉಳಿದನು. ಗಡಿಗೆ ಹಿಡಿದ ಕಿರಿಮಗಳು ನೀರಿಗಾಗಿ ಹಿಂದೆ ನಿಂತಿದ್ದಳು.

“ತೊಳಿಯೋ ಮಾಳ್ಯಾ, ಹೋದ ಕೂಸು ನೀರಡಿಸಿ ಅಳತೈತಿ,” ಎಂದಳು ಕುಲದ ಹಿರಿಯಳಾದ ದೊಡ್ಡವ್ವ.

“ತೊಳದ್ರ ಆಕೀ ವಾಸನಿ ಹೋಗತೈತಿ, ದೊಡ್ಡವ್ವ.”

“ಗಂಡಸಾಗಿ ಕಂಬಳಿ ಮೂಸ್ಕೋತ ಕುಂತೀಯಲ್ಲ. ತಾ ಇಲ್ಲಿ.”

ಅವಳು ಕೈಚಾಚಿದಾಗ ಬಿರುಕಿನೊಳಗಿಂದ ದೇವಿಯ ವಾಣಿ ಕೇಳಿಸಿತು:

“ನಾನು ಮುನಿದಿಲ್ಲ. ಕೆಮ್ಮಿನ ಬೇನೆ ಉಸಿರನ್ನೇರಿ ಬರುವುದು. ಚಳಿಜ್ವರ ಸೊಳ್ಳೆಯ ಕಡಿತದಲ್ಲಿ, ಕಜ್ಜಿ ಮೈಗೆ ಮೈ ತಾಕಿ. ಇದು ನೀರಿನಲ್ಲಿ ಇಳಿದು ಬಾಯಿಗೆ ಬರುವುದು. ಸತ್ತವರಿಗೆಂದು ತೊಳೆದದ್ದನ್ನು ಬದುಕಿದವರು ಕುಡಿದಿರಿ. ನಿನ್ನ ಮಗಳ ಬಾಯಾರಿಕೆ ನನಗಿರಲಿ. ಕಂಬಳಿಯನ್ನು ಬಿಸಿಲಿಗೆ ಹರಡು. ನೀರನ್ನು ಬಿರುಕಿನ ಬಾಯಲ್ಲೇ ಹಿಡಿದು ಕುದಿಸು.”

ತಂದೆಯ ಕಂಬಳಿ ಹಿಂಡಿದ ತನ್ನೆರಡು ಕೈಗಳನ್ನು ಮಾಳಪ್ಪನು ಬಹಳ ಹೊತ್ತು ನೋಡಿದನು. ಆಮೇಲೆ ಕೆಂಚವ್ವನ ಕಂಬಳಿಯನ್ನು ಬಂಡೆಯ ಮೇಲೆ ಹರಡಿ, ಕಿರಿಮಗಳ ಗಡಿಗೆಯನ್ನು ಬಿರುಕಿಗೆ ಒಡ್ಡಿ ನಿಂತನು. ಅದು ತುಂಬಲು ಹೊತ್ತು ಇಳಿಯಿತು. ಮಲಗಿದ್ದವರಲ್ಲಿ ಇಬ್ಬರು ಉಳಿಯಲಿಲ್ಲ. ಹೊಸದಾಗಿ ಯಾರೂ ಮಲಗಲಿಲ್ಲ.

ಆ ಕಂಬಳಿ ಕಲ್ಲಾಗಿ, ಕೆಂಪು ಬಂಡೆಯ ಮೇಲೆ ಕರಿಯ ಪಟ್ಟಿಯಾಗಿ ಇಂದಿಗೂ ಕಾಣುತ್ತದೆ. ದೊಣೆಗೆ ಯಾರೂ ಕೈ ಅದ್ದುವುದಿಲ್ಲ. ಮಕ್ಕಳನ್ನು ಕಳೆದುಕೊಂಡವರು ಅವರ ಬಟ್ಟೆಯನ್ನು ತೊಳೆಯದೆಯೇ ತಂದು ಇಲ್ಲಿ ಬಿಸಿಲಿಗೆ ಹರಡುತ್ತಾರೆ. ಬಿರುಕಿನ ನೀರನ್ನು ಕುದಿಸಿ ತಣಿಸಿ, ಮೊದಲ ಬೊಗಸೆಯನ್ನು ಕರಿಪಟ್ಟಿಯ ಮೇಲೆ ಸುರಿಯುತ್ತಾರೆ. ಕಾದ ಕಲ್ಲಿನ ಮೇಲೆ ಅದು ನೋಡನೋಡುತ್ತ ಆರುತ್ತದೆ. ಕೂಸು ಕುಡಿಯಿತು ಎಂದು ಹೇಳಿ ಗುಡ್ಡ ಇಳಿಯುತ್ತಾರೆ.