ಕೌದಿಯ ಚೀಲ

ಜೀವಕೋಶ ತನ್ನೊಳಗಿನ ಸವೆದ ಭಾಗಗಳನ್ನು ಒಂದು ಪುಟ್ಟ ಚೀಲಕ್ಕೆ ತುಂಬಿ, ಕರಗಿಸಿ, ಆ ಸರಕಿನಿಂದಲೇ ಹೊಸದನ್ನು ಕಟ್ಟಿಕೊಳ್ಳುತ್ತದೆ. ಈ ವಿಷಯದಲ್ಲಿ ತಿಳಿಯಬೇಕಾದ್ದೆಲ್ಲ ತಿಳಿದಾಗಿದೆ ಎಂದು ಪ್ರೊಫೆಸರ್ ಕರಿಬಸಪ್ಪನವರ ಪ್ರಯೋಗಾಲಯದಲ್ಲಿ ಆಗ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಅವರ ಶಿಷ್ಯೆ ಮಂದಾಕಿನಿ. ಆರು ವರ್ಷ ದುಡಿದು ಅದರ ಮೇಲೆ ಮುನ್ನೂರು ಪುಟದ ಪ್ರಬಂಧ ಬರೆದಿದ್ದಳು. ಗುರುಗಳ ಸಹಿಯೊಂದು ಬಿದ್ದರೆ ಡಾಕ್ಟರೇಟ್.

"ಸರ್, ಕೊನೆಯಲ್ಲಿ 'ಉಳಿದ ಪ್ರಶ್ನೆಗಳು' ಅಂತ ಒಂದು ಅಧ್ಯಾಯ ಇರಲೇಬೇಕಂತೆ. ನನಗೆ ಒಂದೂ ಉಳಿದಿಲ್ಲ. ಏನು ಬರೆಯಲಿ?" ಎಂದಳು. ದನಿಯಲ್ಲಿ ಸಂಕೋಚವೇನೂ ಇರಲಿಲ್ಲ.

ಕರಿಬಸಪ್ಪನವರು ತೆರೆದ ಪೆನ್ನಿಗೆ ಮುಚ್ಚಳ ಹಾಕಿ ಕತೆ ಹೇಳಿದರು.

ಒಬ್ಬ ಮುದುಕಿ ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತಿದ್ದಳು. ಅವಳ ಕೌದಿ ಇಪ್ಪತ್ತು ವರ್ಷ ಬಾಳುತ್ತಿತ್ತು. ಒಬ್ಬ ವ್ಯಾಪಾರಿ ಬಂದು ಅವಳೆದುರು ಮೂರು ದಿನ ಕೂತ. ಅವಳು ಚೀಲದಿಂದ ಬಟ್ಟೆ ತೆಗೆಯುವುದು, ಹರಿಯುವುದು, ಪದರ ಹಾಸುವುದು, ಹೊಲಿಗೆಯ ಅಂತರ, ಎಲ್ಲವನ್ನೂ ಬರೆದುಕೊಂಡ. ಕೊನೆಯ ಹೊಲಿಗೆಗೆ ಮೊದಲು ಕೌದಿಯ ಹೊಟ್ಟೆ ತುಂಬಿರಲೆಂದು ಒಳಗೆ ನಾಲ್ಕು ಕಾಳು ಅಕ್ಕಿ ಇಡುವುದನ್ನೂ ಬಿಡಲಿಲ್ಲ.

"ನಿನ್ನ ವಿದ್ಯಾ ಎಲ್ಲಾ ನನ್ನ ಪುಸ್ತಕದಾಗ ಬಂತು ನೋಡಬೇ," ಎಂದ.

"ಛಲೋ ಆತು. ಹಂಗಾರ ನಾ ಇನ್ನ ಕಾಲು ಚಾಚಿ ಕುಂದರ್ತೀನಿ," ಎಂದಳು ಮುದುಕಿ.

ವ್ಯಾಪಾರಿ ಊರಿಗೆ ಹೋಗಿ ಹತ್ತು ಹೆಂಗಸರನ್ನು ಕೂರಿಸಿದ. ಪುಸ್ತಕದಲ್ಲಿದ್ದಂತೆಯೇ ಹೊಲಿಸಿದ, ಅಕ್ಕಿಯನ್ನೂ ಇಡಿಸಿದ. ವರ್ಷ ತುಂಬುವುದರೊಳಗೆ ಆ ಕೌದಿಗಳೆಲ್ಲ ನಡುವೆ ಪಿಸಿದು ಹರಿದು ವಾಪಸು ಬಂದವು. ಅವನ ಮಾನ ಹೋಯಿತು. ಮುದುಕಿಯ ಬಳಿಗೆ ಓಡಿದ.

"ಏನ್ ಮುಚ್ಚಿಟ್ಟೀಯಬೇ?"

"ಮುಚ್ಚಿಡೂದೇನೈತಿ? ಯಾವ ಸೀರೆ ಹರೀಬೇಕು, ಯಾವುದು ಇನ್ನೂ ಉಡೂಹಂಗೈತಿ, ಯಾವುದು ಕೌದಿಗೂ ಬ್ಯಾಡ, ಇದನ್ನ ಆರಿಸೂದ ನನ್ನ ಕೆಲಸ. ಹೊಲಿಯೂದು ಯಾರಿಗೂ ಬರತೈತಿ. ನೀ ಬಂದಾಗ ಚೀಲ ತುಂಬಿತ್ತು."

"ಹೆಂಗ ಆರಿಸ್ತಿ ಮತ್ತ?"

ಮುದುಕಿ ತನ್ನ ಕೈಗಳನ್ನೇ ಒಂದು ಗಳಿಗೆ ನೋಡಿಕೊಂಡಳು. "ಅದನ್ನ ಯಾರೂ ಕೇಳಿದ್ದಿಲ್ಲ," ಎಂದಳು.

ಮಂದಾಕಿನಿಗೆ ನಗು ಬಂತು. "ಅಲ್ಲ ಸರ್, ಮೂರು ದಿನ ಕೂತು ಮುಖ್ಯವಾದದ್ದನ್ನೇ ಕೇಳದೆ ಎದ್ದುಹೋದನಲ್ಲ. ದಡ್ಡ."

ಕರಿಬಸಪ್ಪನವರು ಅವಳ ಪ್ರಬಂಧವನ್ನು ತೆರೆದು ಅವಳ ಕಡೆಗೆ ತಿರುಗಿಸಿ ಇಟ್ಟರು.

"ನಿನ್ನ ಮೊದಲ ಪುಟವೂ ಚೀಲ ತುಂಬಿದ ಮೇಲೆಯೇ ಶುರುವಾಗುತ್ತದೆ."