ಎಲೆಯಲ್ಲಿದ್ದ ಕಪ್ಪು ರಸ

ಮಕ್ಕಳೇ, ಕಾಡಿನಂಚಿನ ಹುಲ್ಲುಗಾವಲಿನಲ್ಲಿ ಒಂದು ಜಿಂಕೆ ಹಿಂಡು ಇತ್ತು. ಅಲ್ಲಿದ್ದುದು ಒಂದೇ ಕೆರೆ. ಪ್ರತಿ ಬೇಸಿಗೆಯಲ್ಲೂ ಜಿಂಕೆಗಳಿಗೂ ಕಡವೆಗಳಿಗೂ ಓಟದ ಪಂದ್ಯ ನಡೆಯುತ್ತಿತ್ತು. ಗೆದ್ದವರಿಗೆ ಮೊದಲ ನೀರು, ಸೋತವರಿಗೆ ಕೆಸರು.

ಜಿಂಕೆಗಳ ತಂಡದಲ್ಲಿ ಮೂವರು. ಒಬ್ಬರು ಓಡಿಬಂದು ಮೂಗಿಗೆ ಮೂಗು ತಾಗಿಸಿದ ಮೇಲೆ ಇನ್ನೊಬ್ಬರು ಓಡಬೇಕು. ನಾಯಕಿ ಸಿಂಗಾರಿ. ಓಟ ಕಲಿಸುವವನು ಮುರುಕೊಂಬ ಎಂಬ ಮುದಿ ಜಿಂಕೆ. ಪಂದ್ಯಕ್ಕೆ ಮುಂಚೆ ಅವನು ಮುತ್ತುಗದ ಎಲೆಯಲ್ಲಿ ಯಾವುದೋ ಬೇರಿನ ಕಪ್ಪು ರಸ ಇಡುತ್ತಿದ್ದ. ಎಲ್ಲರೂ ಸಾಲಾಗಿ ನೆಕ್ಕುತ್ತಿದ್ದರು. ನೆಕ್ಕಿದರೆ ದಣಿವಿಲ್ಲ, ನೋವಿಲ್ಲ. ಅದು ಪಂದ್ಯದ ನಿಯಮಕ್ಕೆ ವಿರುದ್ಧ ಎಂದು ಸಿಂಗಾರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸುಮ್ಮನಿದ್ದು ತಾನೂ ನೆಕ್ಕುತ್ತಿದ್ದಳು.

ಆ ವರ್ಷ ಸಿಂಗಾರಿಯ ತಂಗಿ ಕೆಂಚಿ ಹೊಸದಾಗಿ ತಂಡಕ್ಕೆ ಸೇರಿದಳು. ಎಲೆ ಅವಳ ಮುಂದೆ ಬಂತು.

"ಇದೇನಕ್ಕಾ?"

"ಸುಮ್ಮನೆ ನೆಕ್ಕು. ನಮ್ಮ ತಂಡದಲ್ಲಿ ಹಾಗೆಲ್ಲ ಕೇಳೋ ಪದ್ಧತಿ ಇಲ್ಲ," ಎಂದಳು ಸಿಂಗಾರಿ.

ಅಕ್ಕನೇ ಹೇಳಿದ ಮೇಲೆ ಇನ್ನೇನು? ಕೆಂಚಿ ನೆಕ್ಕಿದಳು.

ಕೊನೆಯ ಸುತ್ತು ಕೆಂಚಿಯದು. ಅರ್ಧ ದಾರಿಯಲ್ಲಿ ಅವಳ ಮುಂಗಾಲು ಇಲಿಬಿಲಕ್ಕೆ ಸಿಕ್ಕಿ ಉಳುಕಿತು. ಬೇರೆ ಯಾರೇ ಆಗಿದ್ದರೂ ಅಲ್ಲೇ ನಿಲ್ಲುತ್ತಿದ್ದರು. ಕೆಂಚಿಗೆ ನೋವೇ ಗೊತ್ತಾಗಲಿಲ್ಲ. ಅದೇ ಕಾಲಿನಲ್ಲಿ ಓಡಿದಳು. ಗುರಿ ಮುಟ್ಟುವ ಹೊತ್ತಿಗೆ ಕಾಲು ಲಟ್ಟನೆ ಮುರಿಯಿತು. ಬಿದ್ದಲ್ಲಿಂದಲೇ, "ಗೆದ್ದೆವಾ ಅಕ್ಕಾ?" ಎಂದಳು.

ಗೆದ್ದಿದ್ದರು. ಆದರೆ ಕಾಲು ಮುರಿದರೂ ನೋವೆನ್ನದ ಕೆಂಚಿಯನ್ನು ಕಂಡು ತೀರ್ಪುಗಾರ ಕೊಕ್ಕರೆಗೆ ಅನುಮಾನ ಬಂತು. "ಎಲ್ಲರೂ ಬಾಯಿ ತೆರೆಯಿರಿ," ಎಂದಿತು. ಮೂರು ನಾಲಗೆಗಳೂ ಕಪ್ಪಗಿದ್ದವು.

"ನಾನು ಎಲೆ ಇಟ್ಟೆ ಅಷ್ಟೆ. ಯಾರ ಬಾಯಿಗೂ ತುರುಕಲಿಲ್ಲ," ಎಂದ ಮುರುಕೊಂಬ.

"ಅವನು ಕೊಟ್ಟ, ನಾವು ನೆಕ್ಕಿದೆವು," ಎಂದಳು ಸಿಂಗಾರಿ.

"ನಾಲಗೆ ಯಾರದು?" ಎಂದಿತು ಕೊಕ್ಕರೆ.

ಮೊದಲ ನೀರು ಕಡವೆಗಳ ಪಾಲಾಯಿತು.

ಸಂಜೆಯಾಯಿತು. ಅದು ತೋಳಗಳು ಕೆರೆಗೆ ಬರುವ ಹೊತ್ತು. ಹಿಂಡು ಹೊರಟಿತು, ಮುರುಕೊಂಬ ಎಲ್ಲರಿಗಿಂತ ಮುಂದಿದ್ದ. ಕೆಂಚಿಗೆ ಏಳಲಾಗಲಿಲ್ಲ. ರಸದ ಮಂಪರು ಇಳಿದು ನೋವು ಶುರುವಾಗಿತ್ತು. ಸಿಂಗಾರಿ ಒಬ್ಬಳೇ ಅವಳ ಪಕ್ಕ ನಿಂತಿದ್ದಳು.

"ಅಕ್ಕಾ, ಆಗ ಕೇಳಿದ್ನಲ್ಲ. ಎಲೇಲಿ ಏನಿತ್ತು?"

ಈ ಸಲ ಸಿಂಗಾರಿ ಎಲ್ಲವನ್ನೂ ಹೇಳಿದಳು.

"ಬೆಳಗ್ಗೇನೇ ಹೇಳಿದ್ರೆ ನಾನು ನೆಕ್ತಿರ್ಲಿಲ್ಲ," ಎಂದಳು ಕೆಂಚಿ.

ಹುಲ್ಲು ಅಲುಗಿತು. ತೋಳಗಳು ಬಂದವು. ಸಿಂಗಾರಿ ಜೀವಭಯದಿಂದ ಓಡಿದಳು. ಕೆಂಚಿ ಅಲ್ಲೇ ಉಳಿದಳು.

ಮರುವರ್ಷ ಎಲೆ ಮುಂದೆ ಬಂದಾಗ ಸಿಂಗಾರಿ ಅದನ್ನು ಎಲ್ಲರೆದುರು ಗೊರಸಿನಿಂದ ತುಳಿದಳು. ಆ ಬೇಸಿಗೆ ಹಿಂಡು ಸೋತು ಕೆಸರು ಕುಡಿಯಿತು, ಆದರೆ ಯಾರೂ ಸಾಯಲಿಲ್ಲ. ತಂಗಿಗೆ ಈ ಮಾತು ಹೇಳಲು ಸಿಂಗಾರಿಗೆ ಆಗಲೇ ಇಲ್ಲ.

ನೀತಿ: ಯಾರೇ ಕೊಟ್ಟರೂ ನಮ್ಮ ಬಾಯಿಗೆ ಹೋದದ್ದಕ್ಕೆ ನಾವೇ ಹೊಣೆ, ಗೊತ್ತಿದ್ದೂ ಸುಮ್ಮನಿದ್ದವರ ಹೊಣೆ ಅದಕ್ಕಿಂತ ದೊಡ್ಡದು.