ಚಿತ್ರಾನ್ನದಲ್ಲಿ ಓಡಿದ ಕಾರು

ಒಂದಾನೊಂದು ಊರಿನಲ್ಲಿ, ಊರಿಗೊಂದು ಹೆಸರಿತ್ತು, ಆದರೆ ಹೆಸರು ಬರೆದ ಬೋರ್ಡಿಗೆ ಎಮ್ಮೆಗಳು ಮೈ ಉಜ್ಜಿ ಉಜ್ಜಿ ಅಳಿಸಿಬಿಟ್ಟಿದ್ದವು, ಅಂಥಾ ಒಂದು ಊರಿನಲ್ಲಿ ಮಿಣುಕರಾಯ ಅಂತ ಒಬ್ಬ ಅರಸ ಇದ್ದ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಅರಸ ಅಲ್ಲೇ ನಿಂತುಬಿಡ್ತಾನೆ.

ಅರಸನಿಗೆ ಒಂದು ಕಾರಿತ್ತು. ಒಂದು ಮೊಬೈಲಿತ್ತು. ಮೊಬೈಲಿನೊಳಗೆ ಒಂದು ಆಟ, ಆಟದೊಳಗೆ ಇನ್ನೊಂದು ಕಾರು. ಹೊರಗಿನ ಕಾರು ಬಿಳೀದು, ಒಳಗಿನದು ಕೆಂಪು. ಹೊರಗಿನದನ್ನ ಓಡಿಸಿದರೆ ಸವೆದೀತು ಅಂತ ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೊಂದು ಹೊದಿಕೆ ಹೊದಿಸಿ, ಸೀಟಿನ ಪ್ಲಾಸ್ಟಿಕ್ ಕವರನ್ನೂ ಕೀಳದೆ ನಾಲ್ಕು ವರ್ಷ ಇಟ್ಟಿದ್ದ. ಒಳಗಿನದನ್ನ ಮಾತ್ರ ಬೆಳಗಿನಿಂದ ಬೈಗಿನವರೆಗೆ ಹೆಬ್ಬೆರಳಲ್ಲಿ ಓಡಿಸುತ್ತಿದ್ದ. ಉಣ್ಣುವಾಗ ಓಡಿಸುತ್ತಿದ್ದ. ನ್ಯಾಯ ಹೇಳುವಾಗ ಓಡಿಸುತ್ತಿದ್ದ.

ಆ ಊರಿಗೆಲ್ಲ ಒಬ್ಬನೇ ಮೆಕ್ಯಾನಿಕ್, ಕೊಟ್ರಪ್ಪ. ಅವನ ಹೆಂಡತಿ ಹಾಲಮ್ಮ ಅರಮನೆಯಲ್ಲಿ ಅಡುಗೆಯವಳು. ಆಯುಧಪೂಜೆ ದಿನ ಬೆಳಿಗ್ಗೆ ಅರಸ ಕೊಟ್ರಪ್ಪನನ್ನ ಕರೆಸಿದ.

"ಕೊಟ್ರಪ್ಪಾ, ಕೆಂಪು ಕಾರು ಲಕ್ಷ ಮೈಲಿ ಓಡಿದೆ. ಇವತ್ತಿನವರೆಗೂ ಒಂದು ಸರ್ವೀಸ್ ಆಗಿಲ್ಲ. ಆಯಿಲ್ ಬದಲಾಯಿಸು."

"ಒಡೆಯಾ, ಅದು ಗಾಜಿನೊಳಗಿದೆಯಲ್ಲ."

"ಗಾಜಿನೊಳಗಿದ್ದರೆ ಓಡಿಲ್ಲವಾ?"

"ಓಡಿದೆ ಒಡೆಯಾ."

"ಓಡಿದ ಗಾಡಿಗೆ ಆಯಿಲ್ ಬೇಡವಾ?"

"ಬೇಕು ಒಡೆಯಾ."

"ಮತ್ತೆ ಬಾಯಿ ಯಾಕೆ ಬಿಟ್ಕೊಂಡು ನಿಂತಿದೀಯಾ? ಮಧ್ಯಾಹ್ನ ಹನ್ನೆರಡರ ಪೂಜೆಗೆ ಸರ್ವೀಸಾದ ಕಾರು ಈ ಅಂಗಳದಲ್ಲಿ ಓಡಬೇಕು. ಓಡದಿದ್ದರೆ ನೀನೇ ಕಾರು. ಹಣೆಗೆ ನಂಬರ್ ಪ್ಲೇಟು, ಎರಡು ಕಿವಿಗೆ ಎರಡು ಇಂಡಿಕೇಟರು. ನಿನ್ನ ಬೆನ್ನ ಮೇಲೆ ಕೂತು ನಾಳೆ ನಾನು ಮಾವನ ಮನೆಗೆ ಹೋಗ್ತೀನಿ."

ಕೊಟ್ರಪ್ಪನಿಗೆ ಮೊದಲೇ ಮೊಣಕಾಲು ನೋವು. ಅರಸ ನೋಡಿದರೆ ಎರಡು ಮೂಟೆ ಸಿಮೆಂಟಿನ ಭಾರ. ಮಾವನ ಮನೆ ಗುಡ್ಡದ ಮೇಲೆ. ಅರಸ ಕೊಟ್ಟ ಮೊಬೈಲನ್ನ ಕೊಟ್ರಪ್ಪ ಅಂಗೈಲಿಟ್ಟುಕೊಂಡು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಬಾನೆಟ್ಟು ಎಲ್ಲಿಂದ ಎತ್ತೋದು ಅಂತಲೇ ತಿಳಿಯಲಿಲ್ಲ. ಸ್ಪ್ಯಾನರು ಹಾಕಿದರೆ ಜಾರಿತು. ಜಾಕಿ ಕೊಟ್ಟರೆ ಮೊಬೈಲೇ ಮೇಲೆದ್ದಿತು, ಒಳಗಿನ ಕಾರು ಅಲುಗಲಿಲ್ಲ.

ಒಳಗಿಂದ ಕೆಂಪು ಕಾರು, "ಬೇಗ ಮಾಡಯ್ಯೋ, ಗಂಟಲು ಒಣಗ್ತಿದೆ" ಅಂತು.

ದಿಕ್ಕು ತೋಚದೆ ಕೊಟ್ರಪ್ಪ ಶೆಡ್ಡಿಗೆ ಹೋದ. ಕಾರಿನ ಕಷ್ಟ ಕಾರಿಗೇ ತಾನೆ ಗೊತ್ತು? ಹೊದಿಕೆ ಎತ್ತಿದ. ಬಿಳಿ ಕಾರು ಎರಡು ಸಲ ಕಣ್ಣು ಮಿಟುಕಿಸಿತು.

"ಅಬ್ಬಾ, ನಾಲ್ಕು ವರ್ಷ ಆಯ್ತು ಬೆಳಕು ನೋಡಿ. ಬಂದ ವಿಷಯ ಹೇಳು."

ಕೊಟ್ರಪ್ಪ ಎಲ್ಲ ಹೇಳಿದ.

ಬಿಳಿ ಕಾರು ಯೋಚಿಸಿ ಅಂತು, "ನಾನು ಓಡಿಲ್ಲ, ನನ್ನ ಆಯಿಲ್ ಹಾಗೇ ಇದೆ. ಗಾಜಿನೊಳಗಿನವನಿಗೆ ಆಯಿಲ್ ಇಲ್ಲ, ಓಟ ಬೇಕಾದಷ್ಟಿದೆ. ನನ್ನ ಆಯಿಲ್ ಅವನಿಗೆ ಕೊಡ್ತೀನಿ, ಅವನ ಓಟದಲ್ಲಿ ಅರ್ಧ ನನಗೆ ಕೊಡಿಸು. ಆದರೆ ಮೊದಲು ಅವನಿಗೆ ನಿಂಬೆಹಣ್ಣು ತುಳಿಸು. ಆಯುಧಪೂಜೆ ದಿನ ನಿಂಬೆಹಣ್ಣು ತುಳಿಯದ ಗಾಡಿಗೆ ಆಯಿಲ್ ಒಗ್ಗಲ್ಲ."

ಅದೂ ನಿಜವೇ. ಗಾಡಿಗೆ ಪೂಜೆ ಅಂದಮೇಲೆ ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಡಬೇಕು, ಗಾಡಿ ಮುಂದೆ ಹೋಗಬೇಕು, ಹಣ್ಣು ಪಚಕ್ ಅನ್ನಬೇಕು. ಗಾಜಿನೊಳಗಿನ ಚಕ್ರದಡಿ ಇಡೋದು ಹೇಗೆ? ಕೊಟ್ರಪ್ಪ ತಲೆ ಕೆರೆದ. ಕಾರು ಮೊಬೈಲಿನೊಳಗಿದೆ. ಹಾಗಾದರೆ ಮೊಬೈಲಿನ ಕೆಳಗಿರೋದು ಕಾರಿನ ಕೆಳಗೂ ಇದ್ದ ಹಾಗೇ ಅಲ್ಲವಾ! ನಾಲ್ಕು ನಿಂಬೆಹಣ್ಣು ಇಟ್ಟ, ಮೇಲೆ ಮೊಬೈಲಿಟ್ಟ, ಅದರ ಮೇಲೆ ತಾನು ಕೂತ.

ಪಚಕ್. ಪಚಕ್. ಪಚಕ್. ಪಚಕ್.

"ಹುಳಿ! ಅಯ್ಯೋ ಹುಳಿ! ಕಣ್ಣು ಕಾಣಲ್ಲ!" ಅಂತ ಕೆಂಪು ಕಾರು ಕಿರುಚಿತು. ಗಾಜು ಕಪ್ಪಾಯಿತು. ಕೊಟ್ರಪ್ಪನ ಮುಖವೂ ಕಪ್ಪಾಯಿತು.

ಒದ್ದೆ ಮೊಬೈಲಿಗೆ ಏನು ಮದ್ದು? ಊರಿಗೆಲ್ಲ ಗೊತ್ತಿರೋದೇ, ಅಕ್ಕಿಯೊಳಗೆ ಹುಗಿಯೋದು. ಅಡುಗೆಮನೆಗೆ ಓಡಿದ. ಹಾಲಮ್ಮ ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದಳು. ಅಕ್ಕಿ ಡಬ್ಬದೊಳಗೆ ಮೊಣಕೈವರೆಗೂ ಕೈ ಹಾಕಿ ಮೊಬೈಲ್ ಹುಗಿದ, ಮುಚ್ಚಳ ಮುಚ್ಚಿದ. ಅದು ಒಣಗೋವರೆಗೆ ಬಿಳಿ ಕಾರಿನ ಆಯಿಲ್ ಇಳಿಸಿಕೊಂಡು ಬರೋಣ ಅಂತ ಶೆಡ್ಡಿಗೆ ಹೋದ.

ಆಯಿಲ್ ತೊಟ್ಟು ತೊಟ್ಟಾಗಿ ಇಳೀತು. ಡಬ್ಬಿ ತುಂಬೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ವಾಪಸು ಬಂದು ಮುಚ್ಚಳ ತೆಗೆದರೆ ಡಬ್ಬದಲ್ಲಿ ಒಂದು ಕಾಳೂ ಇಲ್ಲ.

"ಹಾಲೀ! ಅಕ್ಕಿ ಎಲ್ಲಿ?"

"ಹಂಡೇಲಿ."

"ಹಂಡೆ ಎಲ್ಲಿ?"

"ಒಲೆ ಮೇಲಿತ್ತು, ಇಳಿಸಿದೆ."

"ಒಳಗಿದ್ದಿದ್ದು?"

"ಚಿತ್ರಾನ್ನ ಆಯ್ತು. ಅರಸರ ಎಲೆಗೆ ಹೋಯ್ತು. ಯಾಕ್ರೀ ಹಂಗೆ ಡಬ್ಬ ತಡಕ್ತಿದೀರಿ? ಅಕ್ಕೀಲಿ ಒಂದು ಕಪ್ಪು ಕಲ್ಲು ಸಿಕ್ತು. ಬಿಸಾಕೋಣ ಅಂದ್ರೆ ನಿಂಬೆಹಣ್ಣಿನ ವಾಸನೆ ಬರ್ತಿತ್ತು. ಬೇಯಲಿ ಅಂತ ಬಿಟ್ಟೆ. ಬೇರೆ ಹುಳಿ ಹಿಂಡೋ ಕೆಲಸ ಉಳೀತು ನೋಡಿ!"

ಕೊಟ್ರಪ್ಪ ಆಯಿಲ್ ಡಬ್ಬಿ ಹಿಡಿದು ಅಂಗಳಕ್ಕೆ ಓಡಿದ, ಹಿಂದೆಯೇ ಸೌಟು ಹಿಡಿದು ಹಾಲಮ್ಮ. ಅಲ್ಲಿ ಅರಸ ಎಲೆ ಮುಂದೆ ಕೂತಿದ್ದ. ಮಂತ್ರಿ ಗಡಿಯಾರ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿ ಬಣ್ಣ ಬಳಿಯುವವನು ನಂಬರ್ ಪ್ಲೇಟಿಗೆ ಕೊನೇ ಅಂಕಿ ಬರೆಯುತ್ತಿದ್ದ. ಅರಸ ಒಂದು ತುತ್ತು ತಿಂದ. ಎರಡು ತುತ್ತು ತಿಂದ. ಮೂರನೇ ತುತ್ತಿಗೆ ಕಟುಂ ಅಂತು.

"ಹಾಲಮ್ಮಾ, ಕಡಲೆಬೀಜ ಸ್ವಲ್ಪ ಗಟ್ಟಿ. ಆದರೂ ರುಚಿಯಾಗಿದೆ" ಅಂದ ಅರಸ. ನುಂಗಿದ.

ಆಮೇಲೆ ಅರಸನ ಹೊಟ್ಟೆಯೊಳಗಿಂದ ಡುರ್ರ್... ಡುರ್ರ್... ಅಂತ ಶಬ್ದ. "ಆಹಾ, ಒಣಗಿದೆ! ಹೊಸ ದಾರಿ, ಹೊಸ ಲೆವೆಲ್ಲು!" ಅಂತ ಕೆಂಪು ಕಾರು ಒಳಗೆ ಕೂಗಿತು.

ಅರಸ ಎಲೆ ಬಿಟ್ಟು ಎದ್ದ. ಎದ್ದವನು ನಿಲ್ಲಲಿಲ್ಲ. ಎರಡು ಕೈ ನೆಲಕ್ಕೂರಿ ನಾಲ್ಕು ಕಾಲಾದ. ಅಂಗಳ ಒಂದು ಸುತ್ತು ಹಾಕಿದ, ಎರಡು ಸುತ್ತು ಹಾಕಿದ, ತುಳಸಿಕಟ್ಟೆ ಹತ್ತಿರ ಬ್ರೇಕ್ ಹಾಕಿದ, ಪೀಂ ಪೀಂ ಅನ್ನುತ್ತಾ ಹಿಂದಕ್ಕೆ ಬಂದ.

ಮಂತ್ರಿ ಕೊಟ್ರಪ್ಪನ ಕಡೆ ತಿರುಗಿದ. "ಇದೇನಯ್ಯಾ ಇದು?"

"ಕಾರು" ಅಂದ ಕೊಟ್ರಪ್ಪ.

"ಓಡ್ತಾ ಇದೆ."

"ಓಡ್ತಾ ಇದೆ."

"ಅಂಗಳದಲ್ಲೇ ಓಡ್ತಾ ಇದೆ. ಆದರೆ ಸರ್ವೀಸು? ಇನ್ನು ಎರಡೇ ನಿಮಿಷ!"

ಕೊಟ್ರಪ್ಪ ಅಡ್ಡ ನಿಂತು ಕಾರನ್ನ ಹಿಡಿದ. ಬಾನೆಟ್ಟು ಎಲ್ಲಿ? ಕಿರೀಟ ಎತ್ತಿದ, ಬೋಳು ನೆತ್ತಿ ಕಂಡಿತು. ಡಬ್ಬಿ ಆಯಿಲನ್ನೆಲ್ಲ ಸುರಿದು ಗಸಗಸ ತಿಕ್ಕಿದ.

"ಆಹಾಹಾ, ಇನ್ನೊಂಚೂರು ಕಿವಿ ಹಿಂದೆ" ಅಂತು ಕಾರೋ, ಅರಸನೋ. ಗಡಿಯಾರ ಹನ್ನೆರಡು ಹೊಡೀತು. ಬರೆದ ನಂಬರ್ ಪ್ಲೇಟು ದಂಡವಾಗಬಾರದಲ್ಲ, ಬಣ್ಣದವನು ತಂದು ಅರಸನ ಹಣೆಗೇ ಕಟ್ಟಿದ.

ಆಗ ಮಂತ್ರಿಗೆ ಇನ್ನೊಂದು ಚಿಂತೆ ಬಂತು. "ಅರಸ ಕಾರಾದ. ಸರಿ. ಹಾಗಾದರೆ ಅರಸ ಯಾರು?"

"ಅರಸನ ಜಾಗಕ್ಕೆ ಕಾರು, ಕಾರಿನ ಜಾಗಕ್ಕೆ ಅರಸ" ಅಂದಳು ಹಾಲಮ್ಮ, ಸೌಟು ಝಾಡಿಸುತ್ತಾ. "ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ?"

ಬಿಳಿ ಕಾರನ್ನ ತಳ್ಳಿಕೊಂಡು ಬಂದು, ಹೊಸ ಆಯಿಲ್ ಹಾಕಿ, ಸಿಂಹಾಸನದ ಮೇಲೆ ಹತ್ತಿಸಿದರು. ಬಲಗಡೆ ಇಂಡಿಕೇಟರು ಹೊಡೆದರೆ ಹೌದು, ಎಡಗಡೆ ಹೊಡೆದರೆ ಇಲ್ಲ. ಹಳೇ ಅರಸನಿಗಿಂತ ಬೇಗ ನ್ಯಾಯ ಸಿಗುತ್ತೆ ಅಂತ ಜನ ಖುಷಿಪಟ್ಟರು. ಬೆಳಿಗ್ಗೆ ಮಿಣುಕರಾಯ ಊರು ಸುತ್ತಿ ಬರುತ್ತಿದ್ದ, ಸಂಜೆ ಬಿಳಿ ಕಾರು ರಾಜ್ಯ ಸುತ್ತಿ ಬರುತ್ತಿತ್ತು. ಓಟ ಅರ್ಧ ಅರ್ಧ ಆಯಿತು ನೋಡಿ, ಮಾತಾಡಿಕೊಂಡ ಹಾಗೇ. ಮುಂದಿನ ಸೀಟಿನಲ್ಲಿ ಹಾಲಮ್ಮ ಕೂರುತ್ತಿದ್ದಳು. ಪ್ಲಾಸ್ಟಿಕ್ ಕವರನ್ನ ಮೊದಲ ದಿನವೇ ಕಿತ್ತು ಉಪ್ಪಿನಕಾಯಿ ಜಾಡಿಗೆ ಕಟ್ಟಿದಳು.

ಕೊಟ್ರಪ್ಪನಿಗೆ ಮಾತ್ರ ಗೊಂದಲ ಹೋಗಲಿಲ್ಲ. ಕಾರಿಗೆ ಕೈ ಮುಗಿಯುತ್ತಿದ್ದ, ಅರಸನಿಗೆ ಗಾಳಿ ತುಂಬೋಕೆ ಪಂಪು ಹುಡುಕುತ್ತಿದ್ದ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ನಿಂತು ಹಣೆ ಸವರಿಕೊಳ್ಳುತ್ತಿದ್ದ. ನಂಬರ್ ಪ್ಲೇಟು ಇಲ್ಲ ಅಂತ ಗೊತ್ತಾದ ಮೇಲೇ ಕಾಫಿ.

ಈ ಕತೆಯ ನೀತಿ ಏನಪ್ಪಾ ಅಂದರೆ, ಮೊಬೈಲು ಒದ್ದೆಯಾದರೆ ಅಕ್ಕಿಯಲ್ಲಿ ಹುಗಿಯಿರಿ. ಆದರೆ ಅಡುಗೆ ಮಾಡುವವರಿಗೆ ಹೇಳಿ ಹುಗಿಯಿರಿ.

ಕೇಳಿದವರ ಗಾಡಿ ಕೆಡದಿರಲಿ, ಹೇಳಿದವಳ ಬಾಯಿ ಒಣಗದಿರಲಿ. ಕೊಟ್ರಪ್ಪ ಇನ್ನೂ ಹಣೆ ಸವರಿಕೊಳ್ಳುತ್ತಾ ಅಲ್ಲೇ ಇದ್ದಾನೆ, ನಾವು ಇಲ್ಲಿದ್ದೀವಿ.